ಕಟಕ್ ರೊಟ್ಟಿಗೆ ಪೇಪರ್ ಕವರ್ ನಡೆಯುತ್ತಾ? ಪ್ಲಾಸ್ಟಿಕ್ ಬಿಡಬೇಕು ಅಂತಿದ್ದೇನೆ, ಗೊತ್ತಿರುವವರು ಹೇಳಿ

ರೊಟ್ಟಿ ಅಂಗಡಿ, ವಿದ್ಯಾನಗರ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಲ್ಲಿ ನಾನು, ನಮ್ಮ ಅತ್ತೆ ಸೇರಿ ಸಣ್ಣ ರೊಟ್ಟಿ ಅಂಗಡಿ ನಡೆಸುತ್ತೇವೆ. ಜೋಳದ ಕಟಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಹಬ್ಬ ಬಂದರೆ ಶೇಂಗಾ ಹೋಳಿಗೆ.

ಮೊದಲಿಂದಲೂ ಪ್ಲಾಸ್ಟಿಕ್ ಕವರಲ್ಲೇ ಕೊಡುತ್ತಿದ್ದೆವು. ಮೂರು ತಿಂಗಳ ಹಿಂದೆ ಬಿಡೋಣ ಅನ್ನಿಸಿ ಕಂದು ಬಣ್ಣದ ಪೇಪರ್ ಪೌಚ್ ತರಿಸಿದೆ. ಜಿಪ್ ಇರುತ್ತೆ, ಮುಂದೆ ಸಣ್ಣ ಕಿಟಕಿ ಥರ ಇರುತ್ತೆ ನೋಡಿ, ಅದು. ಒಂದಕ್ಕೆ ಆರು ರೂಪಾಯಿ ಬಿತ್ತು. ಮೇಲೆ 'ಪ್ಲಾಸ್ಟಿಕ್ ಇಲ್ಲ' ಅಂತ ಸ್ಟಿಕರ್ ಅಂಟಿಸಿದೆ. ಗಿರಾಕಿಗಳಿಗೂ ಖುಷಿ ಆಯಿತು.

ಹೋದ ವಾರ ಗುಜರಿ ಗಾಡಿಯ ಅಣ್ಣ ಬಂದಿದ್ದರು. ರಟ್ಟಿನ ಜೊತೆ ಹಾಳಾದ ಹತ್ತಿಪ್ಪತ್ತು ಪೌಚನ್ನೂ ಹಾಕಿದೆ. ಅವರು ಒಂದನ್ನು ತೆಗೆದು ಮೂಲೆ ಹರಿದರು, ಉಗುರಲ್ಲಿ ಸ್ವಲ್ಪ ಬಿಡಿಸಿದರು. ಕಂದು ಪೇಪರ್ ಒಂದು ಕಡೆ ಬಂತು, ಒಳಗಿಂದ ಹೊಳೆಯುವ ತೆಳು ಹಾಳೆ ರಬ್ಬರ್ ಥರ ಉದ್ದಕ್ಕೆ ಎಳೆದುಕೊಂಡು ಬಂತು. "ಅಕ್ಕಾ, ಇದು ಪೇಪರ್ ರಾಶಿಗೂ ಸೇರಲ್ಲ, ಪ್ಲಾಸ್ಟಿಕ್ ರಾಶಿಗೂ ಸೇರಲ್ಲ, ಯಾರೂ ತಗೊಳಲ್ಲ" ಅಂತ ಎಲ್ಲವನ್ನೂ ಆರಿಸಿ ನಮ್ಮ ಕಟ್ಟೆ ಮೇಲೆ ಇಟ್ಟು ಹೋದರು. ಅವತ್ತು ರಾತ್ರಿ ಕೂತು ಎಲ್ಲಾ ಸ್ಟಿಕರ್ ಕಿತ್ತೆ. ಸುಳ್ಳು ಹೇಳಿ ಮಾರಿದ ಹಾಗಾಯಿತಲ್ಲ ಅಂತ ತುಂಬಾ ಬೇಜಾರಾಯಿತು.

ಈಗ ಕೇಳೋದು ಇಷ್ಟೇ. ನಿಜವಾಗಿ ಮತ್ತೆ ಪೇಪರ್ ಆಗುವ ಕವರ್ ಯಾವುದು? ರೊಟ್ಟಿ ಮೆತ್ತಗಾಗದ ಹಾಗೆ, ಚಟ್ನಿ ಪುಡಿಯ ಎಣ್ಣೆ ಹೊರಗೆ ಬರದ ಹಾಗೆ ಅದರಲ್ಲಿ ಕೊಡೋಕೆ ಆಗುತ್ತಾ? ಇಲ್ಲೇ ಯಾರಾದರೂ ಮಾಡಿ ನೋಡಿದ್ದೀರಾ?

ಮಂಡಿಪೇಟೆ ಕಿರಾಣಿ

ಅಕ್ಕಾ, ನೀವೊಬ್ಬರೇ ಅಲ್ಲ ಮೋಸ ಹೋಗಿದ್ದು. ನಾನೂ ಅದೇ ಪೌಚಲ್ಲಿ ಗೋಡಂಬಿ, ದ್ರಾಕ್ಷಿ ಹಾಕಿಟ್ಟಿದ್ದೆ.

ರಟ್ಟಿನ ಡಬ್ಬಿ

ಹರಿಹರದ ಕಡೆ ರಟ್ಟಿನ ಡಬ್ಬಿ ಮಾಡುವ ಘಟಕದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಿಮ್ಮ ಗುಜರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ.

ಮಿಲ್ಲಿನಲ್ಲಿ ಹಳೇ ಪೇಪರನ್ನು ನೀರಿಗೆ ಹಾಕಿ ದೊಡ್ಡ ತೊಟ್ಟಿಯಲ್ಲಿ ಕಡೆಯುತ್ತಾರೆ, ಮಜ್ಜಿಗೆ ಕಡೆದ ಹಾಗೆ. ನಾರು ಬಿಟ್ಟುಕೊಂಡು ಗಂಜಿ ಆಗುತ್ತೆ. ಪ್ಲಾಸ್ಟಿಕ್ ಪದರ ಇದ್ದರೆ ನೀರು ಒಳಗೆ ಹೋಗಲ್ಲ, ನಾರು ಬಿಡಲ್ಲ, ಹಾಳೆ ಹಾಳೆಯಾಗಿ ತೇಲುತ್ತೆ. ಅದಕ್ಕೇ ಬೇಡ ಅನ್ನೋದು. ಅಂಥದ್ದನ್ನು ಬಿಡಿಸಿಕೊಳ್ಳುವ ಮಿಲ್ಲುಗಳು ಇವೆ, ಇಲ್ಲ ಅಂತಲ್ಲ. ಆದರೆ ನಮ್ಮೂರ ಗುಜರಿಯಿಂದ ಅಲ್ಲಿಗೆ ಹೋಗೋದು ಕಷ್ಟ.

ಮನೆಯಲ್ಲೇ ನೋಡಬಹುದು. ಕವರನ್ನು ಚೂರು ಮಾಡಿ ರಾತ್ರಿ ಬಕೆಟ್ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಕೈಯಲ್ಲಿ ಕಿವುಚಿ. ಪೂರ್ತಿ ಕರಗಿ ಮುದ್ದೆ ಆದರೆ ಅದು ಪೇಪರ್. ಜಾರುವ ಹಾಳೆ ಕೈಗೆ ಸಿಕ್ಕರೆ ಅಲ್ಲ.

ಇನ್ನೊಂದು ವಿಷಯ, ಪೇಪರ್ ಅಂದರೆ ಲೆಕ್ಕವಿಲ್ಲದಷ್ಟು ಸಲ ಬರುತ್ತೆ ಅಂದುಕೊಳ್ಳಬೇಡಿ. ಒಂದೊಂದು ಸಲವೂ ನಾರು ತುಂಡಾಗಿ ಗಿಡ್ಡ ಆಗುತ್ತೆ. ಸಾಮಾನ್ಯವಾಗಿ ಐದರಿಂದ ಏಳು ಸಲ ಅನ್ನುತ್ತಾರೆ. ಅದಕ್ಕೇ ಹೊಸ ನಾರು ಸ್ವಲ್ಪ ಸೇರಿಸಲೇಬೇಕು.

ಹದಡಿ ರಸ್ತೆ

ನೆನೆಹಾಕುವ ಉಪಾಯ ಚೆನ್ನಾಗಿದೆ. ಇವತ್ತೇ ಬೇಕರಿ ಕವರ್ ಒಂದನ್ನು ಬಕೆಟ್‌ಗೆ ಹಾಕುತ್ತೇನೆ.

ದುರ್ಗದವರು

ಚಿತ್ರದುರ್ಗದಿಂದ. ನನಗೆ ಮೊದಲಿಂದ ಒಂದು ತಕರಾರಿದೆ. ಪೇಪರ್ ಪೇಪರ್ ಅಂತ ಎಲ್ಲರೂ ಹೇಳುತ್ತೀರಿ, ಪೇಪರ್ ಏನು ಸುಮ್ನೆ ಬರುತ್ತಾ? ಮರ ಬೇಕು, ನೀರು ಜಾಸ್ತಿ ಬೇಕು, ಕರೆಂಟು ಬೇಕು. ಬ್ರಿಟನ್‌ನ ಪರಿಸರ ಸಂಸ್ಥೆ 2011ರಲ್ಲಿ ಅಂಗಡಿ ಚೀಲಗಳ ಲೆಕ್ಕ ಹಾಕಿತ್ತು. ವಾತಾವರಣ ಬಿಸಿಯಾಗೋ ಲೆಕ್ಕದಲ್ಲಿ ತೆಳು ಪ್ಲಾಸ್ಟಿಕ್ ಕವರಿಗೆ ಸಮ ಆಗಬೇಕು ಅಂದರೆ ಪೇಪರ್ ಚೀಲವನ್ನು ಕನಿಷ್ಠ 3 ಸಲ ಬಳಸಬೇಕು. ಹತ್ತಿ ಬಟ್ಟೆ ಚೀಲವನ್ನಂತೂ 131 ಸಲ! ನಮ್ಮಲ್ಲಿ ಪೇಪರ್ ಕವರನ್ನು ಮೂರು ಸಲ ಬಳಸುವವರು ಯಾರಿದ್ದಾರೆ? ಮನೆಗೆ ಬರೋಷ್ಟರಲ್ಲಿ ಹರಿದಿರುತ್ತೆ.

ಮಂಡಿಪೇಟೆ ಕಿರಾಣಿ

ಅಣ್ಣಾ, ಆ ಲೆಕ್ಕದಲ್ಲಿ ಚರಂಡಿ ಇದೆಯಾ? ಮಳೆ ಬಂದಾಗ ನಮ್ಮ ಅಂಗಡಿ ಮುಂದಿನ ಚರಂಡಿ ಕಟ್ಟಿಕೊಂಡು ನೀರು ಒಳಗೆ ಬರುತ್ತೆ. ಕೈ ಹಾಕಿ ತೆಗೆದರೆ ಸಿಗೋದು ಬರೀ ಕವರು. ಒಂದೇ ಒಂದು ಸಲ ಪೇಪರ್ ಸಿಕ್ಕಿಲ್ಲ.

ಎಮ್ಮೆ ಮನೆ

ಮಂಡಿಪೇಟೆಯವರು ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ಎರಡು ವರ್ಷದ ಹಿಂದೆ ನಮ್ಮ ಗಬ್ಬದ ಹಸು ಮೇವು ಬಿಟ್ಟಿತು, ಹೊಟ್ಟೆ ಉಬ್ಬಿಕೊಂಡಿತು. ಡಾಕ್ಟರು ಹೊಟ್ಟೆ ಕುಯ್ದು ಗಂಟು ಗಂಟಾಗಿ ತೆಗೆದರು, ಒಂದು ಪುಟ್ಟಿ ತುಂಬಾ ಕವರು. ಒಂದು ಕವರಿನ ಗಂಟು ಇನ್ನೂ ಬಿಚ್ಚಿರಲಿಲ್ಲ, ಒಳಗೆ ಸಾಂಬಾರಿನ ಕರಿಬೇವು ಕಾಣುತ್ತಿತ್ತು. ಯಾರೋ ಉಳಿದಿದ್ದನ್ನು ಕಟ್ಟಿ ಎಸೆದಿದ್ದು. ಹಸು ಬದುಕಿತು, ಕರು ಹೋಯಿತು. ಪೇಪರ್ ತಿಂದಿದ್ದರೆ ಇಷ್ಟಾಗುತ್ತಿತ್ತಾ ಹೇಳಿ. ನನಗೆ ಬ್ರಿಟನ್ ಲೆಕ್ಕ ಬೇಡ.

ದುರ್ಗದವರು

ಎಮ್ಮೆ ಮನೆ ಅಣ್ಣ, ಓದಿ ಸಂಕಟ ಆಯಿತು. ನಾನು ಪ್ಲಾಸ್ಟಿಕ್ ಪರ ಮಾತಾಡುತ್ತಿಲ್ಲ. ಕಸವಾಗಿ ಬಿದ್ದಾಗ ಪ್ಲಾಸ್ಟಿಕ್ಕೇ ಕೆಟ್ಟದ್ದು, ಆ ಲೆಕ್ಕ ಇದನ್ನು ಹಿಡಿದಿಲ್ಲ, ಒಪ್ಪಿದೆ. ನಾನು ಹೇಳೋದು, ಪ್ಲಾಸ್ಟಿಕ್ ಬದಲು ಪೇಪರ್ ಕೊಟ್ಟುಬಿಟ್ಟರೆ ಕೆಲಸ ಮುಗಿಯಿತು ಅಂತ ಕೂರಬಾರದು. ಚೀಲ ಮನೆಯಿಂದಲೇ ಬರಬೇಕು.

ಕೈಚೀಲ

131 ಸಲ ಅಂದರೆ ಹೆದರೋದು ಯಾಕೆ? ವಾರಕ್ಕೊಂದು ಸಂತೆ ಅಂದರೂ ಎರಡೂವರೆ ವರ್ಷ. ನಮ್ಮಮ್ಮನ ಕೈಚೀಲ ನಾನು ಪಿಯುಸಿ ಓದುವಾಗಿಂದ ಇದೆ, ನನ್ನ ಮಗಳು ಈಗ ಹೈಸ್ಕೂಲು. ಎರಡು ಸಲ ಹಿಡಿ ಹೊಲಿಸಿದ್ದೇವೆ ಅಷ್ಟೇ. ದಾವಣಗೆರೆ ಅಂದರೆ ಹತ್ತಿ ಗಿರಣಿ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ನಮ್ಮ ತಾತ ಗಿರಣಿಯಲ್ಲೇ ಇದ್ದರು. ಆ ಊರಲ್ಲಿ ಕೂತು ಬಟ್ಟೆ ಚೀಲಕ್ಕೆ ಲೆಕ್ಕ ಹಾಕಬೇಕಾ?

ಹದಡಿ ರಸ್ತೆ

ಗಿರಣಿ ಶಿಫ್ಟ್ ಬಿಡುವ ಸೈರನ್ ಕೇಳಿ ಊಟಕ್ಕೆ ಕೂರುತ್ತಿದ್ದೆವು ಅಂತ ನಮ್ಮಪ್ಪ ಈಗಲೂ ಹೇಳುತ್ತಾರೆ.

ರೊಟ್ಟಿ ಅಂಗಡಿ, ವಿದ್ಯಾನಗರ

ಎಲ್ಲರೂ ಹೇಳಿದ್ದು ಸರಿ. ಆದರೆ ಚೀಲ ಗಿರಾಕಿ ತರುತ್ತಾರೆ, ರೊಟ್ಟಿ ಕಟ್ಟಿ ಕೊಡೋದು ನಾನೇ ತಾನೇ? ಅದಕ್ಕೆ ಏನಾದರೂ ಹೇಳಿ.

ಪೊಟ್ಟಣ

ರೊಟ್ಟಿಯಮ್ಮ, ನನಗೀಗ ಅರವತ್ತೆಂಟು. ಚಳ್ಳಕೆರೆಯಲ್ಲಿ ನಮ್ಮ ತಂದೆಯ ಕಿರಾಣಿ ಅಂಗಡಿ ಇತ್ತು. ಸಕ್ಕರೆ, ಬೇಳೆ, ಶೇಂಗಾ ಎಲ್ಲಾ ಪೇಪರ್ ಪೊಟ್ಟಣವೇ. ಹಾಳೆಯನ್ನು ಅಗಲ ಬಾಯಿ ಶಂಖದ ಹಾಗೆ ಸುತ್ತಿ, ತುದಿ ಒಳಗೆ ಮಡಚಿ, ಬೇಳೆ ಹಾಕಿ, ಬಾಯಿಯನ್ನು ಮೂರು ಮಡಿಕೆ ಮುಚ್ಚಬೇಕು. ಜಂತಿಗೆ ದಾರದ ಉಂಡೆ ನೇತು ಹಾಕಿರುತ್ತಿದ್ದರು. ದಾರ ಎಳೆದು ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು, ಬೆರಳಿಗೆ ಸುತ್ತಿ ಝಟ್ ಅಂತ ಕೀಳಬೇಕು. ಕತ್ತರಿ ಮುಟ್ಟುತ್ತಿರಲಿಲ್ಲ. ನನಗೆ ಏಳನೇ ಕ್ಲಾಸಿಗೆ ಬರೋಷ್ಟರಲ್ಲಿ ಅದು ಕೈಗೆ ಬಂದಿತ್ತು. ಎರಡು ಕೆಜಿ ಬೇಳೆ ಪೊಟ್ಟಣ ಹಿಡಿದು ಮೂರು ಮೈಲಿ ನಡೆದು ಹೋಗುತ್ತಿದ್ದರು, ಬಿಚ್ಚುತ್ತಿರಲಿಲ್ಲ.

ಅಂಟು ಬೇಡ, ಟೇಪು ಬೇಡ, ಪಿನ್ನು ಬೇಡ. ದಾರ ಮತ್ತೆ ಬಳಸಬಹುದು. ನೀವು ಕರೆದರೆ ಬಂದು ಕಲಿಸುತ್ತೇನೆ. ಈಗ ಮಗನ ಮನೆ ನಿಟುವಳ್ಳಿಯಲ್ಲೇ ಇದ್ದೇನೆ.

ರೊಟ್ಟಿ ಅಂಗಡಿ, ವಿದ್ಯಾನಗರ

ಅಯ್ಯೋ ಖಂಡಿತಾ ಬನ್ನಿ ಸರ್. ಅತ್ತೆಗೆ ಓದಿ ಹೇಳಿದೆ, ಅವರಿಗೂ ದಾರದ ಉಂಡೆ ನೆನಪಿದೆಯಂತೆ. ಬಂದವರು ರೊಟ್ಟಿ ಊಟ ಮಾಡಿಕೊಂಡೇ ಹೋಗಬೇಕು.

ಮಿರ್ಚಿ ಮಂಡಕ್ಕಿ

ನಮ್ಮದು ಸಂಜೆ ಗಾಡಿ, ಮಿರ್ಚಿ, ಖಾರ ಮಂಡಕ್ಕಿ. ನಾವು ಪ್ಲಾಸ್ಟಿಕ್ಕೇ ಬಳಸಲ್ಲ. ನ್ಯೂಸ್ ಪೇಪರಲ್ಲಿ ಕಟ್ಟಿ ಕೊಡುತ್ತೇವೆ. ರದ್ದಿ ಪೇಪರಿಗೆ ಎರಡನೇ ಸಲ ಕೆಲಸ. ಎಲ್ಲರೂ ಹೀಗೇ ಮಾಡಬಹುದಲ್ವಾ?

ಲ್ಯಾಬ್ ಕೆಲಸ

ದಯವಿಟ್ಟು ನ್ಯೂಸ್ ಪೇಪರ್ ಬೇಡ ಅಣ್ಣ. ಬಿಸಿ ಎಣ್ಣೆ ಪದಾರ್ಥ ಮುಟ್ಟಿದರೆ ಶಾಯಿ ಬಿಡುತ್ತೆ. ಮಿರ್ಚಿ ತೆಗೆದ ಮೇಲೆ ಅದರ ಮೈಮೇಲೆ ಅಕ್ಷರ ಮೂಡಿರೋದು ನೀವೇ ನೋಡಿರುತ್ತೀರಿ. ಶಾಯಿಯಲ್ಲಿ ಸೀಸದಂಥ ಲೋಹ, ಬೇರೆ ರಾಸಾಯನಿಕ ಇರುತ್ತೆ. ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 2018ರ ಪ್ಯಾಕಿಂಗ್ ನಿಯಮದಲ್ಲಿ ಊಟ ತಿಂಡಿ ಕಟ್ಟೋಕೆ, ಎಣ್ಣೆ ಹೀರಿಸೋಕೆ ನ್ಯೂಸ್ ಪೇಪರ್ ಬಳಸಲೇಬಾರದು ಅಂತ ಇದೆ.

ಮಿರ್ಚಿ ಮಂಡಕ್ಕಿ

ನಮ್ಮಪ್ಪನ ಕಾಲದಿಂದ ಇಡೀ ಊರು ಅದರಲ್ಲೇ ತಿಂದಿದೆ. ಯಾರಿಗೆ ಏನಾಗಿದೆ?

ಲ್ಯಾಬ್ ಕೆಲಸ

ಒಂದು ದಿನ ತಿಂದರೆ ಏನೂ ಕಾಣಲ್ಲ. ನಿಮ್ಮ ಗಾಡಿಗೆ ದಿನಾ ಬರೋ ಶಾಲೆ ಮಕ್ಕಳಿದ್ದಾರಲ್ಲ, ಅವರ ಬಗ್ಗೆ ಯೋಚನೆ ಮಾಡಿ. ಸೀಸ ಮೈಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತೆ, ಮಕ್ಕಳಿಗೆ ಜಾಸ್ತಿ ಕೆಟ್ಟದ್ದು. ನಿಮ್ಮನ್ನು ಬೈಯೋಕೆ ಹೇಳುತ್ತಿಲ್ಲ. ಕೆಳಗೆ ಒಂದು ತುಂಡು ಬಾಳೆ ಎಲೆ ಹಾಕಿ, ಇಲ್ಲ ಅಚ್ಚಾಗದ ಬಿಳಿ ಹಾಳೆ ಹಾಕಿ.

ಮಿರ್ಚಿ ಮಂಡಕ್ಕಿ

ಮಕ್ಕಳ ಮಾತು ಹೇಳಿದ ಮೇಲೆ ಏನು ಹೇಳಲಿ. ಬಾಳೆ ಎಲೆ ತುಂಡು ಹೂವಿನ ಮಾರ್ಕೆಟ್ಟಲ್ಲಿ ಸಂಜೆ ಕಡಿಮೆಗೆ ಸಿಗುತ್ತೆ, ನೋಡುತ್ತೇನೆ. ಮಂಡಕ್ಕಿಗೆ?

ರಟ್ಟಿನ ಡಬ್ಬಿ

ಒಣ ಮಂಡಕ್ಕಿಗೆ ಅಚ್ಚಿಲ್ಲದ ಕ್ರಾಫ್ಟ್ ಪೇಪರ್, ಅಂದರೆ ಗಟ್ಟಿ ಕಂದು ಹಾಳೆಯ ಪೊಟ್ಟಣ ಸಾಕು. ಆದರೆ ಊಟಕ್ಕೆ ನೇರ ತಾಗುವ ಹಾಳೆ ಹೊಸ ನಾರಿನದ್ದಿರಲಿ. ಹಳೇ ಪೇಪರಿಂದ ಮಾಡಿದ್ದರಲ್ಲಿ ಹಿಂದಿನ ಶಾಯಿಯ ಅಂಶ ಉಳಿದಿರುತ್ತೆ. ಅದು ಹೊರಗಿನ ಡಬ್ಬಿಗೆ, ಚೀಲಕ್ಕೆ ಒಳ್ಳೆಯದು. ಒಳಗೆ ಹೊಸದು, ಹೊರಗೆ ಹಳೇದು.

ಅಂದ ಹಾಗೆ, ರಟ್ಟಿನ ಡಬ್ಬಿಯ ಪದರ ಅಂಟಿಸೋಕೆ ಬಳಸೋದು ಮೆಕ್ಕೆಜೋಳದ ಗಂಜಿ. ನಮ್ಮ ಜಿಲ್ಲೆಯ ತುಂಬಾ ಮೆಕ್ಕೆಜೋಳವೇ ಅಲ್ವಾ!

ಕ್ಯಾಂಟೀನ್ ಹುಡುಗ

ಹಾಗಾದರೆ ಬೆಣ್ಣೆ ದೋಸೆ ಪಾರ್ಸೆಲ್ ಏನು ಮಾಡೋದು? ನಾನು ದೋಸೆ ಹೋಟೆಲ್‌ನಲ್ಲಿ ಪಾರ್ಸೆಲ್ ಕಟ್ಟುವವನು. ದೋಸೆಗೆ ಬಾಳೆ ಎಲೆ, ಮೇಲೆ ಪೇಪರ್, ಅದೇನೋ ಸರಿ. ಚಟ್ನಿ, ಪಲ್ಯ? ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ಕೈ ಬಿಡುವಿಲ್ಲದೆ ಕವರಿಗೆ ಚಟ್ನಿ ಹುಯ್ದು ದಾರ ಸುತ್ತುತ್ತಾ ಇರುತ್ತೇನೆ. ಒಂದು ಪಾರ್ಸೆಲ್‌ಗೆ ಎರಡು ಸಣ್ಣ ಕವರು, ಮೇಲೊಂದು ದೊಡ್ಡ ಕವರು. ಚಟ್ನಿಯನ್ನು ಪೇಪರಿಗೆ ಹುಯ್ಯೋಕಾಗುತ್ತಾ? ಪೇಪರ್ ಕಪ್ ಅಂತ ಹೇಳಬೇಡಿ, ಮುಚ್ಚಳ ನಿಲ್ಲಲ್ಲ, ಗಾಡಿಯಲ್ಲಿ ಚೆಲ್ಲುತ್ತೆ, ಆಮೇಲೆ ಬಂದು ನನ್ನ ಮೇಲೆ ಕೂಗಾಡುತ್ತಾರೆ.

ಲ್ಯಾಬ್ ಕೆಲಸ

ಪೇಪರ್ ಕಪ್ ಒಳಗೂ ಪ್ಲಾಸ್ಟಿಕ್ ಪದರವೇ. ಇಲ್ಲದಿದ್ದರೆ ಟೀ ನಿಲ್ಲುತ್ತಿರಲಿಲ್ಲ. ಖರಗಪುರ ಐಐಟಿಯವರು 2020ರಲ್ಲಿ ನೋಡಿದ್ದರು. 100 ಮಿಲಿ ಬಿಸಿ ನೀರು ಅಂಥ ಕಪ್ಪಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಟ್ಟಿತ್ತು. ತೆಳು ಕವರಿಗೆ ಬಿಸಿ ಪಲ್ಯ ಹಾಕೋದೂ ಒಳ್ಳೆಯದಲ್ಲ. 2025ರಲ್ಲಿ ಇಡ್ಲಿ ತಟ್ಟೆಗೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುತ್ತಿದ್ದಾರೆ ಅಂತ ಸರ್ಕಾರವೇ ತಡೆಯಿತು, ನೆನಪಿದೆಯಾ?

ಹದಡಿ ರಸ್ತೆ

ಅಯ್ಯೋ ದೇವರೆ. ಆಫೀಸಲ್ಲಿ ದಿನಕ್ಕೆ ನಾಲ್ಕು ಟೀ ಅದರಲ್ಲೇ. ನಾಳೆಯಿಂದ ಸ್ಟೀಲ್ ಲೋಟ.

ದುರ್ಗದವರು

ನೋಡಿ, ಇದನ್ನೇ ನಾನು ಹೇಳಿದ್ದು. ಹಸಿ ಪದಾರ್ಥಕ್ಕೆ ಪೇಪರ್ ಉತ್ತರವೇ ಅಲ್ಲ, ಡಬ್ಬಿಯೇ ಉತ್ತರ. ಡಬ್ಬಿ ತಂದವರಿಗೆ ಚಟ್ನಿ ಜಾಸ್ತಿ ಹಾಕಿ. ಕವರೇ ಬೇಕು ಅಂದವರಿಂದ ಕವರಿನ ದುಡ್ಡು ಬೇರೆ ತಗೊಳ್ಳಿ.

ಕ್ಯಾಂಟೀನ್ ಹುಡುಗ

ದುಡ್ಡು ತಗೊಳೋದು ಮಾಲೀಕರ ಕೈಲಿ ಸರ್. ಡಬ್ಬಿ ತಂದವರಿಗೆ ಚಟ್ನಿ ಜಾಸ್ತಿ ಹಾಕೋದು ನನ್ನ ಕೈಲಿದೆ, ಅದನ್ನು ಖಂಡಿತಾ ಮಾಡುತ್ತೇನೆ. ನಿಜ ಹೇಳಬೇಕು ಅಂದರೆ ಡಬ್ಬಿ ತಂದರೆ ನನಗೇ ಬೇಗ ಆಗುತ್ತೆ, ಗಂಟು ಹಾಕೋ ಕೆಲಸ ಇರಲ್ಲ.

ಅಡಿಕೆ ತೋಟ

ಚನ್ನಗಿರಿ ಕಡೆಯವನು. ಅಡಿಕೆ ಹಾಳೆ ತಟ್ಟೆ, ದೊನ್ನೆ ಯಾರೂ ಹೇಳಲಿಲ್ಲವಲ್ಲ! ತೋಟದಲ್ಲಿ ಬಿದ್ದ ಹಾಳೆ, ನೀರಲ್ಲಿ ತೊಳೆದು ಬಿಸಿ ಅಚ್ಚಲ್ಲಿ ಒತ್ತಿದರೆ ಆಯಿತು. ಅಂಟಿಲ್ಲ, ಬಣ್ಣವಿಲ್ಲ.

ಲ್ಯಾಬ್ ಕೆಲಸ

ಅಡಿಕೆ ತೋಟದ ಅಣ್ಣ, ಬೇಜಾರಾಗಬೇಡಿ. 2025ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಅಡಿಕೆ ಹಾಳೆ ತಟ್ಟೆ ಊಟಕ್ಕೆ ಬೇಡ ಅಂತ ಹೇಳಿದೆ. ಅಡಿಕೆಯಲ್ಲಿರುವ ಅಂಶ ಊಟಕ್ಕೆ ಇಳಿಯಬಹುದು ಅಂತ ಅವರ ಅನುಮಾನ.

ಅಡಿಕೆ ತೋಟ

ಬೇಜಾರಾಗದೆ ಇರುತ್ತಾ? ಹಾಳೆಯಲ್ಲಿ ಊಟ ಮಾಡಿಕೊಂಡು ಬಂದವರು ನಾವು. ತಟ್ಟೆ ಮಿಷನ್ ಇಟ್ಟುಕೊಂಡು ಬದುಕುತ್ತಿರುವ ಎಷ್ಟು ಹೆಣ್ಣುಮಕ್ಕಳು ನಮ್ಮ ಕಡೆ ಇದ್ದಾರೆ ಗೊತ್ತಾ? ನಮ್ಮವರೇ ಸರಿಯಾಗಿ ಪರೀಕ್ಷೆ ಮಾಡಿ ಹೇಳಲಿ, ತಪ್ಪಿದ್ದರೆ ಬಿಡುತ್ತೇವೆ. ಅಲ್ಲಿಯವರು ಹೇಳಿದರು ಅಂತ ಒಂದೇ ಏಟಿಗೆ ಬಿಡೋಕಾಗಲ್ಲ.

ಲ್ಯಾಬ್ ಕೆಲಸ

ಆ ಮಾತು ನ್ಯಾಯ. ಇಲ್ಲೇ ಪರೀಕ್ಷೆ ಆಗಬೇಕು, ಅದನ್ನು ನಾನೂ ಕೇಳುತ್ತೇನೆ. ಅಲ್ಲಿಯವರೆಗೆ ಮುತ್ತುಗದ ಎಲೆ, ಬಾಳೆ ಎಲೆ ಇದ್ದೇ ಇದೆ.

ಭದ್ರಾವತಿ ಅಳಿಯ

ಪೇಪರ್ ಮಾತು ಬಂದಿದ್ದಕ್ಕೆ ಒಂದು. ಭದ್ರಾವತಿಯ ಮೈಸೂರು ಪೇಪರ್ ಮಿಲ್ 1936ರಲ್ಲಿ ಶುರುವಾಗಿದ್ದು. ನಮ್ಮ ಮಾವ ಅಲ್ಲೇ ಇದ್ದು ನಿವೃತ್ತರಾದರು. ಕಬ್ಬಿನ ಸಿಪ್ಪೆಯಿಂದಲೂ ಪೇಪರ್ ಮಾಡುತ್ತಿದ್ದ ಕಾರ್ಖಾನೆ. ಈಗ ಎಷ್ಟೋ ವರ್ಷದಿಂದ ನಿಂತಿದೆ. ಪ್ಲಾಸ್ಟಿಕ್ ಬಿಡಿ, ಪೇಪರ್ ಬಳಸಿ ಅಂತ ಎಲ್ಲರೂ ಹೇಳುವ ಹೊತ್ತಿಗೇ ಪಕ್ಕದ ಊರಿನ ಮಿಲ್ಲು ಮುಚ್ಚಿರೋದು ನೋಡಿದರೆ ಹೊಟ್ಟೆ ಉರಿಯುತ್ತೆ.

ಮಂಡಿಪೇಟೆ ಕಿರಾಣಿ

ಹೌದು ಅಳಿಯಂದ್ರೆ. ಇನ್ನು ಕಾನೂನಿನ ಮಾತು. ನಮ್ಮ ರಾಜ್ಯದಲ್ಲಿ 2016ರಲ್ಲೇ ಕ್ಯಾರಿಬ್ಯಾಗ್ ನಿಷೇಧ ಬಂತು. ಕೇಂದ್ರದ್ದು 2022ರ ಜುಲೈ 1ರಿಂದ, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಸ್ವೀಟ್ ಡಬ್ಬಿ ಮೇಲೆ ಸುತ್ತುವ ತೆಳು ಹಾಳೆ ಎಲ್ಲಾ ಬಂದ್. ಅದೇ ವರ್ಷದ ಕೊನೆಯಿಂದ 120 ಮೈಕ್ರಾನ್‌ಗಿಂತ (ಒಂದು ಮಿಲಿಮೀಟರಲ್ಲಿ ಸಾವಿರ ಮೈಕ್ರಾನ್) ತೆಳು ಕ್ಯಾರಿಬ್ಯಾಗೂ ಬಂದ್. ದಂಡ ಕಟ್ಟೋದು ಯಾರು? ನಮ್ಮಂಥ ಸಣ್ಣ ಅಂಗಡಿಯವರು. ತಯಾರು ಮಾಡೋದನ್ನು ನಿಲ್ಲಿಸಿದರೆ ನಮ್ಮ ಕೈಗೆ ಬರೋದೇ ಇಲ್ಲವಲ್ಲ. ನಾನು ನಿಲ್ಲಿಸಿದ ವಾರ ಎರಡು ಮನೆಯ ಖಾತೆ ಪಕ್ಕದ ಅಂಗಡಿಗೆ ಹೋಯಿತು, ಕವರ್ ಕೊಡಲ್ಲ ಅನ್ನೋ ಒಂದೇ ಕಾರಣಕ್ಕೆ. ಆದರೂ ಮತ್ತೆ ತಂದಿಲ್ಲ.

ಕೈಚೀಲ

ಅಣ್ಣಾ, ನಿಮ್ಮ ಅಂಗಡಿ ಮಂಡಿಪೇಟೆಯಲ್ಲಿ ಎಲ್ಲಿ ಬರುತ್ತೆ ಹೇಳಿ. ಈ ತಿಂಗಳ ಸಾಮಾನು ನಿಮ್ಮ ಹತ್ತಿರವೇ.

ರೊಟ್ಟಿ ಅಂಗಡಿ, ವಿದ್ಯಾನಗರ

ಹದಿನೈದು ದಿನ ಆಯಿತು, ಏನೇನಾಯಿತು ಅಂತ ಹೇಳುತ್ತೇನೆ.

ಪೊಟ್ಟಣ ಸರ್ ಬಂದಿದ್ದರು. ರೊಟ್ಟಿಗೆ ಶಂಖದ ಪೊಟ್ಟಣ ಆಗಲ್ಲ, ಅದಕ್ಕೆ ಚೌಕ ಮಡಿಕೆ ಕಲಿಸಿದರು. ಇಪ್ಪತ್ತೈದು ರೊಟ್ಟಿ ಒಂದರ ಮೇಲೊಂದು ಇಟ್ಟು, ದಪ್ಪ ಕ್ರಾಫ್ಟ್ ಹಾಳೆ ಎರಡು ಸುತ್ತು, ಅಡ್ಡ ಉದ್ದ ಹತ್ತಿ ದಾರ. ಅತ್ತೆ ಅರ್ಧ ಗಂಟೆಯಲ್ಲಿ ಕಲಿತರು. ನಾನು ಕಟ್ಟಿದ್ದು ಮೊದಮೊದಲು ಮೂಲೆಯಲ್ಲಿ ರೊಟ್ಟಿ ಮುರಿಯುತ್ತಿತ್ತು. ಕೆಳಗೊಂದು ರಟ್ಟಿನ ತುಂಡು ಇಟ್ಟ ಮೇಲೆ ಸರಿಯಾಯಿತು. ಹಾಳೆ, ದಾರ ಎಲ್ಲಾ ಸೇರಿ ಒಂದು ಕಟ್ಟಿಗೆ ಮೂರು ರೂಪಾಯಿ ಒಳಗೆ. ಪೌಚಿಗೆ ಆರು ಕೊಡುತ್ತಿದ್ದೆ! ಬಕೆಟ್ ನೀರಲ್ಲಿ ಈ ಹಾಳೆ ಬೆಳಿಗ್ಗೆಗೆ ಪೂರ್ತಿ ಮುದ್ದೆ ಆಯಿತು.

ಒಂದೇ ಬಿಸಿಯ ರೊಟ್ಟಿಯನ್ನು ಪ್ಲಾಸ್ಟಿಕ್ಕಲ್ಲಿ ಒಂದು, ಪೇಪರಲ್ಲಿ ಒಂದು ಕಟ್ಟು ಇಟ್ಟು ನೋಡಿದೆ. ಬಿಸಿಲಿದ್ದ ದಿನ ಆರು ದಿನಕ್ಕೂ ಪೇಪರಿನದ್ದು ಕಟಕ್ ಅಂತಲೇ ಮುರಿಯಿತು. ಮಳೆ ಹಿಡಿದ ಮೂರು ದಿನದಲ್ಲಿ ಮಾತ್ರ ಎರಡನೇ ದಿನಕ್ಕೇ ಮೆತ್ತಗಾಯಿತು. ಅಂದರೆ ಊರೊಳಗೆ ಒಯ್ದು ಮನೆಯಲ್ಲಿ ಸ್ಟೀಲ್ ಡಬ್ಬಿಗೆ ಹಾಕಿಕೊಳ್ಳುವವರಿಗೆ ಪೇಪರ್ ಸಾಕು. ಮೆತ್ತಗಾದರೆ ಹೆಂಚಿನ ಮೇಲೆ ಒಂದು ನಿಮಿಷ ಇಡಿ ಅಂತ ಹೇಳಿ ಕೊಡುತ್ತಿದ್ದೇನೆ. ಬೆಂಗಳೂರಿಗೆ ಕೊರಿಯರ್ ಮಾಡುವುದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ, ಅದಕ್ಕೆ ಪ್ಲಾಸ್ಟಿಕ್ಕೇ ಹೋಗುತ್ತಿದೆ. ಅದನ್ನು ಮುಚ್ಚಿಡಲ್ಲ.

ಚಟ್ನಿ ಪುಡಿಗೆ ಪೇಪರ್ ಆಗಲಿಲ್ಲ. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ ಅಲ್ವಾ, ಎರಡು ಪದರ ಹಾಕಿದರೂ ಮಾರನೇ ದಿನ ಹಾಳೆ ಮೇಲೆ ಎಣ್ಣೆ ಹರಡಿತ್ತು. ಎಣ್ಣೆ ಹಿಡಿದ ಪೇಪರನ್ನು ಗುಜರಿಯವರೂ ತಗೊಳಲ್ಲ. ಅದಕ್ಕೆ ಗಾಜಿನ ಬಾಟಲಿ ತಂದೆ. ನಲವತ್ತು ರೂಪಾಯಿ ಮುಂಗಡ, ಬಾಟಲಿ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಮೂವತ್ತು ಬಾಟಲಿ ಹೋಯಿತು, ಹನ್ನೆರಡು ತಿರುಗಿ ಬಂದಿದೆ. ಬಂದ ಹನ್ನೆರಡರಲ್ಲಿ ಒಂಬತ್ತು ಜನ ಮತ್ತೆ ಅದಕ್ಕೇ ಪುಡಿ ತುಂಬಿಸಿಕೊಂಡರು.

ಮೊನ್ನೆ ಗುಜರಿ ಅಣ್ಣ ಬಂದಾಗ ಹೊಸ ಹಾಳೆ ಕೊಟ್ಟೆ. ಮೊದಲಿನ ಹಾಗೇ ಮೂಲೆ ಹರಿದು ನೋಡಿದರು, ಬಾಯಲ್ಲಿ ಒದ್ದೆ ಮಾಡಿದ ಬೆರಳಿಂದ ಉಜ್ಜಿದರು. ಏನೂ ಹೇಳದೆ ರಟ್ಟಿನ ಕಟ್ಟಿಗೆ ಸೇರಿಸಿಕೊಂಡರು.

ರಟ್ಟಿನ ಡಬ್ಬಿ

ಕೊರಿಯರ್ ಬಗ್ಗೆ ಬಿಡಬೇಡಿ ಅಕ್ಕಾ. ತಗಡಿನ ಡಬ್ಬಿ ಒಳಗೆ, ಹೊರಗೆ ಮೂರು ಪದರದ ರಟ್ಟು ಹಾಕಿ ನೋಡೋಣ. ಅಳತೆ ಕಳಿಸಿ, ಎರಡು ಮಾದರಿ ಮಾಡಿಕೊಡುತ್ತೇನೆ, ದುಡ್ಡು ಬೇಡ.

ಮಿರ್ಚಿ ಮಂಡಕ್ಕಿ

ಪೊಟ್ಟಣ ಸರ್, ನಮ್ಮ ಗಾಡಿಗೂ ಬನ್ನಿ. ಸಂಜೆ ಐದರ ಒಳಗೆ ಬಂದರೆ ಜನ ಕಡಿಮೆ ಇರುತ್ತಾರೆ.

ಪೊಟ್ಟಣ

ಬರುತ್ತೇನಪ್ಪಾ. ದಾರದ ಉಂಡೆ ಒಂದು ತಂದಿಟ್ಟಿರು, ತೆಳುವಾದದ್ದು ಬೇಡ, ಬೆರಳು ಕುಯ್ಯುತ್ತೆ.

ಹದಡಿ ರಸ್ತೆ

ಬೇಕರಿ ಕವರ್ ಬಕೆಟ್‌ನಲ್ಲಿ ಎರಡು ದಿನ ಆದರೂ ಹಾಗೇ ಇದೆ. ಬೇಕರಿಯವರಿಗೆ ಬಕೆಟ್ ಸಮೇತ ತೋರಿಸಿ ಬರುತ್ತೇನೆ.